ಮೂರು ಜೊತೆ ಸ್ಪೀಕರ್, ಒಂದು ರೂಮು, ಎರಡು ಕುರ್ಚಿ: ಯಾವುದು ಉಳಿಸಿಕೊಳ್ಳಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಸಂಗೀತ ಕೇಳಲಿಕ್ಕೆ ಅಂತಲೇ ಮನೆಯಲ್ಲಿ ಒಂದು ರೂಮು ತೆರವು ಮಾಡಿದ್ದೇನೆ. 17 ಅಡಿ ಉದ್ದ, ಹನ್ನೆರಡೂವರೆ ಅಡಿ ಅಗಲ, 9 ಅಡಿ ಎತ್ತರ. ನೆಲಕ್ಕೆ ದಪ್ಪ ಕಾರ್ಪೆಟ್, ಒಂದು ಗೋಡೆಗೆ ಪುಸ್ತಕದ ಕಪಾಟು. ಕೇಳುವವರು ಇಬ್ಬರೇ, ಅಪ್ಪ ಮತ್ತು ನಾನು. ಅಪ್ಪ ನಲವತ್ತು ವರ್ಷ ತಬಲಾ ನುಡಿಸಿದವರು, ನಾನು ಅವರಿಗೆ ಒಬ್ಬಳೇ ಮಗಳು. ಈಗ ಅವರಿಗೆ 76. ಬೆರಳು ಮೊದಲಿನಷ್ಟು ಓಡುವುದಿಲ್ಲ. ಕಿವಿ ಪರೀಕ್ಷೆಯಲ್ಲಿ 6000 ಹರ್ಟ್ಜ್‌ನಿಂದ ಆಚೆ ಗೆರೆ ಜಾರಿಬಿಟ್ಟಿದೆ (ತುಂಬಾ ಕೀರಲು ನಾದ ಸರಿಯಾಗಿ ಕೇಳಿಸುವುದಿಲ್ಲ), ಬಲಗಿವಿ ಇನ್ನೂ ಸ್ವಲ್ಪ ಕಮ್ಮಿ. ಆದರೆ ಡಗ್ಗಾದ (ತಬಲಾ ಜೋಡಿಯಲ್ಲಿ ಎಡಗೈಯ ದಪ್ಪ ನಾದದ ವಾದ್ಯ) ನಾದ ಕೂದಲೆಳೆಯಷ್ಟು ಆಚೀಚೆ ಆದರೂ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಪರಿಚಯದವರೊಬ್ಬರ ಕೃಪೆಯಿಂದ ಮೂರು ಜೊತೆ ಸ್ಪೀಕರ್ ಮೂರು ವಾರಕ್ಕೆ ಮನೆಗೆ ಬಂದಿವೆ. ಹಾರ್ಬೆತ್ ಸೂಪರ್ ಎಚ್ಎಲ್5 ಪ್ಲಸ್, ಕೆಇಎಫ್ ರೆಫರೆನ್ಸ್ 1 ಮೆಟಾ, ಮ್ಯಾಗ್ನೆಪ್ಯಾನ್ 1.7ಐ. ಒಂದನ್ನು ಉಳಿಸಿಕೊಂಡು ಎರಡನ್ನು ವಾಪಸ್ ಕೊಡಬೇಕು. ನನ್ನ ಆಂಪ್ 8 ಓಮ್‌ಗೆ 80 ವಾಟ್, 4 ಓಮ್‌ಗೆ 130 ವಾಟ್ ಕೊಡುತ್ತದೆ (ಓಮ್ ಅಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆ).

ಹಾರ್ಬೆತ್‌ನಲ್ಲಿ ಗಂಟಲು ಗಂಟಲಾಗಿಯೇ ಕೇಳಿಸುತ್ತದೆ. ಹಾಡುವವರು ಉಸಿರು ಎಳೆದುಕೊಳ್ಳುವುದು, ತುಟಿ ಬಿಡಿಸುವುದು, ಎಲ್ಲ ಇದೆ, ಯಾವುದೂ ಚುಚ್ಚುವುದಿಲ್ಲ. ಪೆಟ್ಟಿಗೆಯ ಪಕ್ಕಕ್ಕೆ ಕೈ ಇಟ್ಟರೆ ಬೆರಳಿಗೆ ನಡುಕ ತಾಗುತ್ತದೆ. ಇದು ಸರಿನಾ? ಕೆಇಎಫ್ ಪೆಟ್ಟಿಗೆ ಕಲ್ಲಿನ ಹಾಗೆ, ನಡುಗುವುದೇ ಇಲ್ಲ. ಪ್ರತಿ ವಾದ್ಯ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಮ್ಯಾಗ್ನೆಪ್ಯಾನ್ ಅಂತೂ ಸ್ಪೀಕರ್ ಥರವೇ ಇಲ್ಲ. ಐದೂಕಾಲು ಅಡಿಗಿಂತ ಎತ್ತರ, ಬರೀ 5 ಸೆಂಟಿಮೀಟರ್ ದಪ್ಪ, ಬಾಗಿಲ ಹಲಗೆ ನಿಲ್ಲಿಸಿದಂತೆ. ಆದರೆ ತಂಬೂರಿ ಹಾಕಿದೆ ನೋಡಿ, ತಂತಿಯ ಜೀವಾಳದ ಝೇಂಕಾರ ಸ್ಪೀಕರ್‌ನಿಂದ ಬಂತು ಅನ್ನಿಸಲೇ ಇಲ್ಲ, ರೂಮಿನ ಆ ಗೋಡೆಯೇ ಮಿಡಿದ ಹಾಗಿತ್ತು.

ಈಗ ತೊಂದರೆ ಹೇಳುತ್ತೇನೆ. ಡಗ್ಗಾ ಹೊಡೆದು, ಅಂಗೈಯ ಬುಡ ಒತ್ತಿ ನಾದವನ್ನು ಮೇಲಕ್ಕೆ ಜಾರಿಸುತ್ತಾರಲ್ಲ, ಆ ಜಾರು ನಯವಾಗಿ ಏರಬೇಕು. ನಮ್ಮ ರೂಮಿನಲ್ಲಿ ಹಾಗಾಗುವುದಿಲ್ಲ. ಶುರುವಿನಲ್ಲೇ ಒಂದು ಕಡೆ ನಾದ ಗುಮ್ಮೆಂದು ಉಬ್ಬುತ್ತದೆ, ಆಮೇಲೆ ತಟ್ಟನೆ ಸೊರಗುತ್ತದೆ. ಕೆಇಎಫ್‌ನಲ್ಲೂ ಹಾಗೇ, ಹಾರ್ಬೆತ್‌ನಲ್ಲೂ ಹಾಗೇ. ಮ್ಯಾಗ್ನೆಪ್ಯಾನ್‌ನಲ್ಲಿ ಸ್ವಲ್ಪ ಕಮ್ಮಿ. ಅಪ್ಪ ಎರಡು ನಿಮಿಷ ಕೇಳಿ, "ಪುಟ್ಟಿ, ಇದು ಡಗ್ಗಾ ಅಲ್ಲ, ಯಾರೋ ಡಬ್ಬಿಯೊಳಗೆ ಕೂತು ಹೊಡೀತಿದಾರೆ" ಅಂದು ಎದ್ದು ಹೋದರು. ನನಗೆ ತುಂಬಾ ಬೇಜಾರಾಯಿತು. ಈ ರೂಮು ಮಾಡಿದ್ದೇ ಅವರಿಗಾಗಿ.

ಸ್ಪೀಕರ್‌ಗಳು ಹಿಂದಿನ ಗೋಡೆಯಿಂದ ಒಂದು ಅಡಿ ಬಿಟ್ಟು ನಿಂತಿವೆ, ಅಗಲದ ಗೋಡೆಯ ಕಡೆ. ಎರಡು ಕುರ್ಚಿ ಎದುರಿನ ಗೋಡೆಗೆ ಒರಗಿವೆ. ಮೂರರಲ್ಲಿ ಯಾವುದು ನಮಗೆ ಸರಿ? ಅಥವಾ ನಾನು ನೋಡುತ್ತಿರುವ ಮೂರೂ ತಪ್ಪಾ?

ಉತ್ತರ 1

ಮೇಡಂ, ಮೂರನ್ನೂ ಒಂದೇ ಗಟ್ಟಿಗೆ ಇಟ್ಟು ಕೇಳಿದ್ದೀರಾ? ವಾಲ್ಯೂಮ್ ಗುಂಡಿ ಒಂದೇ ಜಾಗದಲ್ಲಿದ್ದರೆ ಶಬ್ದ ಒಂದೇ ಇರುವುದಿಲ್ಲ. ಮೂರರ ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಗಟ್ಟಿ ಶಬ್ದ ಬರುತ್ತದೆ ಅನ್ನುವ ಅಳತೆ) ಕಾಗದದ ಮೇಲೆ 85, 86 ಡೆಸಿಬಲ್ ಅಂತ ಹತ್ತಿರ ಹತ್ತಿರ ಇದೆ, ಆದರೂ ಅಳೆದೇ ಸರಿಮಾಡಬೇಕು. ಅರ್ಧ ಡೆಸಿಬಲ್ ಜಾಸ್ತಿ ಇದ್ದರೆ ಕಿವಿ ಅದನ್ನು "ಗಟ್ಟಿ ಇದೆ" ಅಂತ ಹೇಳುವುದಿಲ್ಲ, "ಚೆನ್ನಾಗಿದೆ" ಅಂತ ಹೇಳುತ್ತದೆ. ಪಿಂಕ್ ನಾಯ್ಸ್ (ಎಲ್ಲ ನಾದಗಳೂ ಬೆರೆತ ಪರೀಕ್ಷೆಯ ಸದ್ದು) ಹಾಕಿ, ಕೂರುವ ಜಾಗದಲ್ಲಿ ಶಬ್ದ ಅಳೆಯುವ ಮೀಟರ್ ಇಟ್ಟು ಅಳೆಯಿರಿ. 500ರಿಂದ 2000 ಹರ್ಟ್ಜ್ ನಡುವಿನ ನಾಯ್ಸ್ ಮಾತ್ರ ಬಳಸಿ, ಇಲ್ಲದಿದ್ದರೆ ರೂಮಿನ ಬೇಸ್ (ತಗ್ಗಿನ ನಾದ) ಮೀಟರನ್ನು ದಾರಿ ತಪ್ಪಿಸುತ್ತದೆ.

ಇನ್ನೊಂದು. ಮೊದಲು ಪ್ರತಿ ಜೊತೆಯಿಂದ ಒಂದೊಂದೇ ಸ್ಪೀಕರ್ ಇಟ್ಟು, ಮಾನೋದಲ್ಲಿ ಕೇಳಿ. ಎರಡು ಸ್ಪೀಕರ್ ಸೇರಿದರೆ ವಿಸ್ತಾರದ ಸೊಗಸು ಬಂದು ಬಣ್ಣದ ದೋಷ ಮುಚ್ಚಿಹೋಗುತ್ತದೆ. ಒಂದರಲ್ಲಿ ಮುಚ್ಚಲು ಜಾಗವಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದ ಫ್ಲಾಯ್ಡ್ ಟೂಲ್ ಕಂಡುಕೊಂಡದ್ದು ಇದು.

ಸಾಧ್ಯವಾದರೆ ನಡುವೆ ತೆಳು ಬಟ್ಟೆಯ ಪರದೆ ಕಟ್ಟಿ. 1994ರಲ್ಲಿ ಟೂಲ್ ಮತ್ತು ಅವರ ಜೊತೆಗಾರ ಷಾನ್ ಆಲಿವ್ 40 ಜನರನ್ನು ಕೂರಿಸಿ, ಅದೇ ಸ್ಪೀಕರ್‌ಗಳನ್ನು ಒಮ್ಮೆ ತೋರಿಸಿ, ಒಮ್ಮೆ ಮರೆಮಾಡಿ ಅಂಕ ಹಾಕಿಸಿದರು. ಕಣ್ಣಿಗೆ ಕಂಡಾಗ ಅಂಕಗಳು ಬದಲಾದವು. ಅವರೆಲ್ಲ ಸ್ಪೀಕರ್ ಕಂಪನಿಯ ನೌಕರರೇ, ಕೆಲಸ ಗೊತ್ತಿದ್ದವರು. ನಮ್ಮಂಥವರ ಪಾಡು ಕೇಳಬೇಕಾ?

ಉತ್ತರ 2

ನಿಮ್ಮ ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಡಬ್ಬಿ ಅಂದರಲ್ಲ, ಆ ಡಬ್ಬಿ ನಿಮ್ಮ ರೂಮೇ. ಲೆಕ್ಕ ಮಾಡಿ ತೋರಿಸುತ್ತೇನೆ.

ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ರೂಮಿನ ಒಂದು ಅಳತೆಯನ್ನು ಎರಡರಿಂದ ಗುಣಿಸಿ, 1130ನ್ನು ಅದರಿಂದ ಭಾಗಿಸಿದರೆ ಆ ದಿಕ್ಕಿನಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಉಬ್ಬುವ ಮೊದಲ ನಾದ ಸಿಗುತ್ತದೆ. ನಿಮ್ಮ 17 ಅಡಿಗೆ 33 ಹರ್ಟ್ಜ್. ಹನ್ನೆರಡೂವರೆ ಅಡಿಗೆ 45. ಎತ್ತರದ 9 ಅಡಿಗೆ 63. ಪ್ರತಿಯೊಂದರ ಎರಡರಷ್ಟು, ಮೂರರಷ್ಟರಲ್ಲೂ ಉಬ್ಬು ಬರುತ್ತದೆ. ಈಗ 33ರ ಎರಡರಷ್ಟು ನೋಡಿ, 66. ಎತ್ತರದ್ದು 63. ಎರಡೂ ಅಕ್ಕಪಕ್ಕ ಬಂದು ಒಂದರ ಮೇಲೊಂದು ಕೂತಿವೆ. ಅದೇ ನಿಮ್ಮ ಗುಮ್. ಡಗ್ಗಾ ಜಾರುವಾಗ ಆ ನಾದದ ಮೇಲಿಂದ ಹಾದು ಹೋಗುತ್ತದೆ, ಅಲ್ಲಿ ರೂಮು ಅದನ್ನು ಎತ್ತಿ ಹಿಡಿಯುತ್ತದೆ, ದಾಟಿದ ಮೇಲೆ ಕೈಬಿಡುತ್ತದೆ. ನಿಮ್ಮಷ್ಟು ದೊಡ್ಡ ರೂಮಿನಲ್ಲಿ ಸುಮಾರು 200 ಹರ್ಟ್ಜ್ ಕೆಳಗೆ ರೂಮೇ ಯಜಮಾನ. ಸ್ಪೀಕರ್ ಯಾವುದೇ ಇರಲಿ.

ಕುರ್ಚಿ ಗೋಡೆಗೆ ಒರಗಿವೆ ಅಂದಿರಿ. ಉದ್ದದ ದಿಕ್ಕಿನ ಎಲ್ಲ ಉಬ್ಬುಗಳೂ ಗೋಡೆಯ ಬುಡದಲ್ಲಿ ತುಂಬಾ ಜೋರಾಗಿರುತ್ತವೆ. ಅಂದರೆ ನೀವಿಬ್ಬರೂ ಕೂತಿರುವುದು ಗುಮ್ಮಿನ ನೆತ್ತಿಯ ಮೇಲೆ. ಕುರ್ಚಿಗಳನ್ನು ನಾಲ್ಕೂಕಾಲು ಅಡಿ ಮುಂದೆ ತನ್ನಿ. 66ರ ಅಲೆಗೆ ರೂಮಿನ ಉದ್ದದ ಕಾಲು ಭಾಗದಲ್ಲಿ ತಳ ಇರುತ್ತದೆ, ನಾಲ್ಕೂಕಾಲು ಅಡಿ ಅಂದರೆ ಅದೇ. ಹಾಗೆ ಬಂದು ಕೂತರೆ ಆ ಉಬ್ಬು ಅರ್ಧಕ್ಕರ್ಧ ಇಳಿಯುತ್ತದೆ. ಎತ್ತರದ ಉಬ್ಬು ಪೂರ್ತಿ ಹೋಗುವುದಿಲ್ಲ, ಕೂತಾಗ ಕಿವಿ ಮೂರು ಅಡಿ ಚಿಲ್ಲರೆ ಎತ್ತರದಲ್ಲಿರುತ್ತದೆ, ಅದರ ತಳ ನಾಲ್ಕೂವರೆ ಅಡಿಯಲ್ಲಿದೆ.

ಆಮೇಲೆ ಸೊರಗುವ ಸಂಗತಿ. ಸ್ಪೀಕರ್‌ನ ಹಿಂದಿನ ಗೋಡೆಗೆ ಬಡಿದು ಬಂದ ಶಬ್ದ ನೇರ ಬಂದ ಶಬ್ದವನ್ನು ಒಂದು ಕಡೆ ಅಳಿಸುತ್ತದೆ. ಗೋಡೆಯಿಂದ ಸ್ಪೀಕರ್‌ನ ಮುಖಕ್ಕೆ 2 ಅಡಿ ಇದ್ದರೆ ಆ ಹಳ್ಳ 140 ಹರ್ಟ್ಜ್ ಹತ್ತಿರ ಬೀಳುತ್ತದೆ. ಮೂರೂವರೆ ಅಡಿ ಮಾಡಿದರೆ 81ಕ್ಕೆ ಇಳಿಯುತ್ತದೆ. ಹಳ್ಳ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಗಂಡಸರ ದನಿಯ ತಳದಲ್ಲಿ ಹಳ್ಳ ಇರುವುದಕ್ಕಿಂತ ಅದರ ಕೆಳಗೆ ಇರುವುದು ನನಗೆ ಇಷ್ಟ. ನೀವು ಡಗ್ಗಾಕ್ಕೆ ಹೊಂದಿಸಿ ನೋಡಿಕೊಳ್ಳಿ.

ಒಂದು ಅಳತೆ ಮೈಕ್ ತೆಗೆದುಕೊಳ್ಳಿ, ಯುಮಿಕ್-1 ಸಾಕು. ಅಳೆದದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕುರ್ಚಿ ಅರ್ಧ ಅಡಿ ಸರಿಸುವುದು, ಅಳೆಯುವುದು, ಮತ್ತೆ ಸರಿಸುವುದು. ನಾನು ಒಂದು ಭಾನುವಾರ ಪೂರ್ತಿ ಹೀಗೆ ಕಳೆದಿದ್ದೇನೆ. ಅದಕ್ಕೆ ಮುಂಚೆ ಎರಡು ವರ್ಷದಲ್ಲಿ ಎರಡು ಸಲ ಸ್ಪೀಕರ್ ಬದಲಿಸಿದ್ದೆ. ಆ ಭಾನುವಾರದಲ್ಲಿ ಸಿಕ್ಕ ಬದಲಾವಣೆ ಎರಡು ವರ್ಷದಲ್ಲಿ ಸಿಕ್ಕಿರಲಿಲ್ಲ.

ಹಾರ್ಬೆತ್ ಪೆಟ್ಟಿಗೆ ನಡುಗುವುದು ದೋಷವಲ್ಲ, ಹಾಗೆಂದೇ ಮಾಡಿದ್ದು. ಆ ಕಂಪನಿಯನ್ನು 1977ರಲ್ಲಿ ಶುರು ಮಾಡಿದ ಡಡ್ಲಿ ಹಾರ್ವುಡ್ ಬಿಬಿಸಿಯ ಸಂಶೋಧನಾ ವಿಭಾಗದಲ್ಲಿ ಇದ್ದವರು. ತೆಳು ಹಲಗೆ, ಅದರ ಒಳಮೈಗೆ ಮೆತ್ತನೆಯ ಲೇಪ ಅನ್ನುವುದು ಅಲ್ಲಿಂದ ಬಂದ ಪದ್ಧತಿ. ದಪ್ಪ ಹಲಗೆ ನಡುಗಿದರೆ ದನಿ ಇರುವ ಮಧ್ಯದ ನಾದಗಳಲ್ಲಿ ನಡುಗುತ್ತದೆ, ಕಿವಿ ಅದನ್ನು ಸಹಿಸುವುದಿಲ್ಲ. ತೆಳು ಹಲಗೆಯ ನಡುಕ ಕೆಳಗಿನ ನಾದಕ್ಕೆ ಇಳಿದು ಬೇಗ ಸಾಯುತ್ತದೆ. ಅಂದಹಾಗೆ ಮುಂದಿನ ಜಾಲರಿ ತೆಗೆದು ಕೇಳುತ್ತಿದ್ದೀರಾ? ಹಾಕಿಯೇ ಕೇಳಿ. ಜಾಲರಿ ಇದ್ದಾಗಿನ ಲೆಕ್ಕದಲ್ಲಿ ಅದನ್ನು ರೂಪಿಸಿದ್ದಾರೆ.

ಉತ್ತರ 3

ನನ್ನ ಹತ್ತಿರ ಮ್ಯಾಗ್ನೆಪ್ಯಾನ್ ಒಂಬತ್ತು ವರ್ಷದಿಂದ ಇದೆ, ಆದ್ದರಿಂದ ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಗೋಡೆಯಿಂದ ಒಂದು ಅಡಿ ದೂರದಲ್ಲಿ ಇಟ್ಟು ಅದನ್ನು ಅಳೆಯಬೇಡಿ, ಪಾಪ. ಅದರೊಳಗೆ ಪೆಟ್ಟಿಗೆಯೇ ಇಲ್ಲ. ತೆಳುವಾದ ಮೈಲಾರ್ ಹಾಳೆ, ಅದಕ್ಕೆ ಅಂಟಿಸಿದ ಅಲ್ಯೂಮಿನಿಯಂ ಪಟ್ಟಿ, ಪಕ್ಕದಲ್ಲಿ ಆಯಸ್ಕಾಂತದ ಸಾಲು. ಹಾಳೆ ಮುಂದಕ್ಕೆ ಎಷ್ಟು ಶಬ್ದ ಕಳಿಸುತ್ತದೋ ಹಿಂದಕ್ಕೂ ಅಷ್ಟೇ ಕಳಿಸುತ್ತದೆ, ಅಂದರೆ ಮುಂದೆ ತಳ್ಳುವಾಗ ಹಿಂದೆ ಎಳೆಯುವ ಉಲ್ಟಾ ಫೇಸ್‌ನಲ್ಲಿ. ಹಿಂದಿನ ಗೋಡೆಯಿಂದ ಮೂರೂವರೆ, ನಾಲ್ಕು ಅಡಿ ಜಾಗ ಬೇಕೇ ಬೇಕು. ಪಕ್ಕಕ್ಕೆ ಮಾತ್ರ ಶಬ್ದ ಹೋಗುವುದೇ ಇಲ್ಲ ಅನ್ನಬಹುದು, ಎರಡೂ ಬದಿ ಒಂದನ್ನೊಂದು ಅಳಿಸುತ್ತವೆ. ಹಾಗಾಗಿ ಪಕ್ಕದ ಗೋಡೆಗಳನ್ನು ಅದು ಅಷ್ಟು ಕೆಣಕುವುದಿಲ್ಲ. ನಿಮಗೆ ಗುಮ್ ಕಮ್ಮಿ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ.

ಜಾಗ ಕೊಟ್ಟರೆ ತಂಬೂರಿ, ಸಿತಾರ್, ಪಿಯಾನೋದಲ್ಲಿ ಇದಕ್ಕೆ ಸಾಟಿ ನಾನು ಕೇಳಿಲ್ಲ. ಆದರೆ ಎರಡು ಕುರ್ಚಿ ಅಂದಿರಲ್ಲ, ಅಲ್ಲಿ ನನಗೆ ಅನುಮಾನ. ನಡುವೆ ಒಬ್ಬರು ಕೂತರೆ ಸ್ವರ್ಗ. ಪಕ್ಕಕ್ಕೆ ಸರಿದು ಕೂತವರಿಗೆ ಇಡೀ ಕಛೇರಿ ಹತ್ತಿರದ ಹಲಗೆಗೆ ಅಂಟಿಕೊಳ್ಳುತ್ತದೆ. ನಾನು ಒಬ್ಬನೇ ಕೇಳುವವನು, ನನಗೆ ನಡೆಯುತ್ತದೆ. ನೀವು ಮೂರು ಜೊತೆಯನ್ನೂ ಅಪ್ಪನ ಕುರ್ಚಿಯಲ್ಲಿ ಕೂತು ಕೇಳಿದ್ದೀರಾ?

ಪ್ರಶ್ನೆ ಕೇಳಿದವರು

ಇಲ್ಲ. ಒಮ್ಮೆಯೂ ಕೂತಿಲ್ಲ. ಇದನ್ನು ಓದಿ ಮನಸ್ಸಿಗೆ ಚುರುಕ್ ಅಂತು. ಅಪ್ಪ ಎಡಗಿವಿ ಸ್ಪೀಕರ್ ಕಡೆ ಬರಲಿ ಅಂತ ಬಲಗಡೆಯ ಕುರ್ಚಿಯಲ್ಲಿ ಸ್ವಲ್ಪ ಓರೆಯಾಗಿ ಕೂರುತ್ತಾರೆ. ನಾನು ಎಲ್ಲ ಹೊಂದಿಸಿದ್ದು ನಡುವೆ ನಿಂತುಕೊಂಡು.

ಮೈಕ್ ತರಿಸುತ್ತಿದ್ದೇನೆ. ಅಷ್ಟರಲ್ಲಿ ಒಂದು ಅನುಮಾನ: ಕೆಇಎಫ್ 4 ಓಮ್, ಒಂದು ಕಡೆ 3.2ಕ್ಕೆ ಇಳಿಯುತ್ತದೆ ಅಂತ ಬರೆದಿದೆ. ನನ್ನ ಆಂಪ್ ತಡೆಯುತ್ತದಾ?

ಉತ್ತರ 2 ಬರೆದವರು

ತಡೆಯುತ್ತದೆ. 8 ಓಮ್‌ನಿಂದ 4 ಓಮ್‌ಗೆ 80ರಿಂದ 130 ವಾಟ್‌ಗೆ ಏರುತ್ತದೆ ಅಂದರೆ ಕರೆಂಟ್ ಕೊಡುವ ಶಕ್ತಿ ಇದೆ. ಒಂಬತ್ತು ಹತ್ತು ಅಡಿ ದೂರದಲ್ಲಿ ಕೂತು, ಮಾಮೂಲಿ ಗಟ್ಟಿಯಲ್ಲಿ ಕೇಳುವಾಗ ನಿಜಕ್ಕೂ ಖರ್ಚಾಗುವುದು ಒಂದು ವಾಟ್ ಆಸುಪಾಸು. ಉಳಿದದ್ದೆಲ್ಲ ತಬಲಾದ ಪೆಟ್ಟಿನಂಥ ಕ್ಷಣಕ್ಕೆ. 10 ಡೆಸಿಬಲ್ ಏರಲು ಹತ್ತರಷ್ಟು ವಾಟ್ ಬೇಕು, ಆ ಲೆಕ್ಕದಲ್ಲೂ ನಿಮಗೆ ಸಾಕು.

ಪ್ರಶ್ನೆ ಕೇಳಿದವರು

ಹದಿನಾರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಉತ್ತರ ಬರೆದ ಮೂವರಿಗೂ ಕೈಮುಗಿದು ಹೇಳುತ್ತೇನೆ, ನೀವು ಹೇಳಿದ್ದನ್ನೆಲ್ಲ ಮಾಡಿದೆ.

ಮೊದಲು ಅಳೆದೆ. ಗೋಡೆಗೆ ಒರಗಿದ ಕುರ್ಚಿಯಲ್ಲಿ 65 ಹರ್ಟ್ಜ್ ಹತ್ತಿರ 11 ಡೆಸಿಬಲ್ ಗುಡ್ಡ ಎದ್ದಿತ್ತು. ಲೆಕ್ಕ ಹಾಕಿ ಹೇಳಿದ ಜಾಗದಲ್ಲೇ! ಕುರ್ಚಿಗಳನ್ನು 4 ಅಡಿ ಮುಂದೆ ತಂದೆ, ಸ್ಪೀಕರ್‌ಗಳನ್ನು ಗೋಡೆಯಿಂದ ಮುಖಕ್ಕೆ ಮೂರೂವರೆ ಅಡಿ ಬರುವಂತೆ ಈಚೆಗೆ ಎಳೆದೆ. ಗುಡ್ಡ 4 ಡೆಸಿಬಲ್‌ಗೆ ಇಳಿಯಿತು. 80ರ ಹತ್ತಿರ ಒಂದು ಹಳ್ಳ ಹೊಸದಾಗಿ ಕಾಣಿಸಿಕೊಂಡಿದೆ, ಅದನ್ನೂ ನೀವು ಮೊದಲೇ ಹೇಳಿದ್ದಿರಿ.

ಆಮೇಲೆ ನನಗೆ ಒಂದು ಯೋಚನೆ ಬಂತು. ಬೇರೆಯವರ ರೆಕಾರ್ಡಿಂಗ್‌ನಲ್ಲಿ ಡಗ್ಗಾ ನಿಜವಾಗಿ ಹೇಗಿತ್ತು ಅಂತ ನಮಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲೇ ಡಗ್ಗಾ ಇದೆ, ನುಡಿಸುವವರೂ ಇದ್ದಾರೆ. ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ತಾರಸಿಗೆ ಹೋದೆವು. ಸುತ್ತ ಗೋಡೆ ಇಲ್ಲದ ಕಡೆ ಅಪ್ಪನನ್ನು ಕೂರಿಸಿ, ಮೂರು ಅಡಿ ದೂರದಲ್ಲಿ ಸಣ್ಣ ರೆಕಾರ್ಡರ್ ಇಟ್ಟೆ. ಅಪ್ಪ ಅಂಗೈಗೆ ಚೂರು ಪೌಡರ್ ಸವರಿಕೊಂಡರು. "ಘೇ" ಅಂತ ಬಾಯಲ್ಲಿ ಅಂದು ಒಂದು ಪೆಟ್ಟು, ಆಮೇಲೆ ಅಂಗೈ ನಿಧಾನ ಮುಂದಕ್ಕೆ. ಕರಣೆಯ (ಚರ್ಮದ ಮೇಲಿನ ಕಪ್ಪು ಬಿಲ್ಲೆ) ಅಂಚಿನಿಂದ ನಡುವಿನ ಕಡೆಗೆ ಎರಡು ಬೆರಳಿನಷ್ಟು ದೂರ, ಅಷ್ಟೇ. ಇಪ್ಪತ್ತು ಸಲ ಹಾಗೆ ಮಾಡಿಸಿದೆ. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ, ಪ್ರತಿ ಸಲವೂ ಕಛೇರಿಯಲ್ಲಿ ಕೂತಷ್ಟೇ ಶ್ರದ್ಧೆಯಿಂದ ನುಡಿಸಿದರು. ಆ ರೆಕಾರ್ಡಿಂಗ್ ನೋಡಿದರೆ ನಾದ 60ರ ಮೇಲೆ ಶುರುವಾಗಿ 100ರ ಹತ್ತಿರ ಹೋಗಿ ನಿಲ್ಲುತ್ತದೆ.

ಪರದೆ ಕಟ್ಟಿ, ಒಂದೊಂದೇ ಸ್ಪೀಕರ್ ಇಟ್ಟು, ಗಟ್ಟಿ ಸರಿಹೊಂದಿಸಿ ಕೇಳಿಸಿದೆ. ಅಪ್ಪ ಡಗ್ಗಾವನ್ನು ತೊಡೆಯ ಪಕ್ಕ ಇಟ್ಟುಕೊಂಡಿದ್ದರು. ಸ್ಪೀಕರ್ ಒಮ್ಮೆ, ಅವರು ಒಮ್ಮೆ. ಮ್ಯಾಗ್ನೆಪ್ಯಾನ್ ಬಂದಾಗ, "ಚರ್ಮದ ಮೇಲೆ ಕೈ ಉಜ್ಜೋ ಸದ್ದು ಇದರಲ್ಲಿ ನಿಜ, ಆದರೆ ಹೊಟ್ಟೆಗೆ ತಾಗಲ್ಲ" ಅಂದರು. ಹಾರ್ಬೆತ್‌ಗೆ, "ಬೆಚ್ಚಗಿದೆ, ಮಡಿಕೆ ಸ್ವಲ್ಪ ದೊಡ್ಡದಾಗಿದೆ." ಕೆಇಎಫ್‌ಗೆ ಏನೂ ಹೇಳಲಿಲ್ಲ. ಸುಮ್ನೆ ಡಗ್ಗಾದ ಅಂಚಿಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಶ್ರುತಿ ಸರಿಮಾಡಿಕೊಂಡರು. ರೆಕಾರ್ಡಿಂಗ್‌ಗಿಂತ ಅವರ ಡಗ್ಗಾ ಇಳಿದಿತ್ತಂತೆ. ಅದು ಸ್ಪೀಕರ್‌ನ ತಪ್ಪಲ್ಲ ಅಂತ ಅವರಿಗೆ ಅನ್ನಿಸಿತಲ್ಲ, ನನಗೆ ಅಷ್ಟು ಸಾಕಾಯಿತು.

ಹಾಡಿಗೆ ಮಾತ್ರ ಇಬ್ಬರೂ ಹಾರ್ಬೆತ್ ಅಂದೆವು, ಪರದೆ ಇದ್ದಾಗಲೂ, ತೆಗೆದಾಗಲೂ. ಅದನ್ನು ಬಿಟ್ಟುಕೊಡುವುದು ನನಗೆ ನಿಜಕ್ಕೂ ಕಷ್ಟ. ಎರಡು ದಿನ ತೀರ್ಮಾನ ಮಾಡದೆ ಓಡಾಡಿದೆ.

ಕೊನೆಗೆ ಜೊತೆ ಜೊತೆಯಾಗಿ ಸ್ಟೀರಿಯೋದಲ್ಲಿ ಇಟ್ಟು, ಅಪ್ಪನ ಕುರ್ಚಿಯಲ್ಲಿ, ಅವರಂತೆಯೇ ಓರೆಯಾಗಿ, ಬಲಗಿವಿಗೆ ಹತ್ತಿ ಇಟ್ಟುಕೊಂಡು ಕೂತೆ. ಮ್ಯಾಗ್ನೆಪ್ಯಾನ್‌ನಲ್ಲಿ ಹಾಡುವವರು ನೇರ ಬಲ ಹಲಗೆಗೆ ಬಂದುಬಿಟ್ಟರು. ಹಾರ್ಬೆತ್‌ನ್ನು ತುಂಬಾ ಒಳಮುಖ ತಿರುಗಿಸಿ, ಎರಡರ ದಿಕ್ಕು ಕುರ್ಚಿಯ ಮುಂದೆಯೇ ಅಡ್ಡ ಹಾಯುವಂತೆ ಮಾಡಿದೆ. ಆಗ ಪರವಾಗಿಲ್ಲ, ಆದರೆ ದನಿಯ ಬಣ್ಣ ನಡುವಿನ ಜಾಗದಲ್ಲಿ ಇದ್ದಂತೆ ಇರಲಿಲ್ಲ. ಕೆಇಎಫ್‌ನಲ್ಲಿ ಮೇಲಿನ ನಾದ ಕೊಡುವ ಟ್ವೀಟರ್ ಇರುವುದು ಮಧ್ಯದ ಕೋನ್‌ನ ಗುಂಡಿಗೆಯಲ್ಲೇ. 1988ರಿಂದ ಅವರು ತಿದ್ದಿಕೊಂಡು ಬಂದ ಯೂನಿ-ಕ್ಯೂ ಅದು. ಮೇಲಿನ ನಾದ, ಮಧ್ಯದ ನಾದ ಎರಡೂ ಒಂದೇ ಬಿಂದುವಿನಿಂದ ಹೊರಟು ಎಲ್ಲ ದಿಕ್ಕಿಗೂ ಒಂದೇ ಥರ ಹರಡುತ್ತವೆ. ಅಪ್ಪನ ಕುರ್ಚಿಯಲ್ಲಿ ಹಾಡುವವರು ನಡುವಿನಿಂದ ಒಂದು ಮೊಳ ಸರಿದರು. ಆದರೆ ದನಿ ಅದೇ ದನಿ. ಅಲ್ಲಿಗೆ ಮುಗಿಯಿತು. ಕೆಇಎಫ್ ಉಳಿಯುತ್ತದೆ.

ನಾಳೆ ಉಳಿದ ಎರಡನ್ನು ಪ್ಯಾಕ್ ಮಾಡಬೇಕು. ಹಾರ್ಬೆತ್ ಪೆಟ್ಟಿಗೆಗೆ ಹಾಕುವ ಮುಂಚೆ ಇವತ್ತು ರಾತ್ರಿ ಇನ್ನೊಮ್ಮೆ ಹಾಡು ಕೇಳುತ್ತೇನೆ.

80 ಹರ್ಟ್ಜ್ ಹಳ್ಳಕ್ಕೆ ಏನಾದರೂ ಮಾಡಬಹುದಾ? ಸ್ಪೀಕರ್ ಇನ್ನೂ ಅರ್ಧ ಅಡಿ ಈಚೆ ತರಲು ಜಾಗ ಇದೆ. ಹಿಂದಿನ ಗೋಡೆಗೆ ದಪ್ಪ ಗಾಜಿನ ನಾರಿನ ಹಲಗೆ ನಿಲ್ಲಿಸಿದರೆ ಎಷ್ಟು ದಪ್ಪ ಬೇಕು? ಡಗ್ಗಾದ ಜಾರು ಅಲ್ಲಿ ಇನ್ನೂ ಒಂದು ಚೂರು ತಡವರಿಸುತ್ತದೆ, ಅಪ್ಪ ಅದನ್ನೂ ಗಮನಿಸಿದ್ದಾರೆ.